ನಿಂತ ವಿಡಿಯೋ, ಅಡ್ಡ ಚೌಕಟ್ಟು

ನಾನು ಒಂದು ನಿಂತ ವಿಡಿಯೋ. ಫೋನನ್ನು ನೆಟ್ಟಗೆ ಹಿಡಿದು ತೆಗೆದದ್ದು. ಹುಟ್ಟಿದ್ದು ಚನ್ನರಾಯಪಟ್ಟಣದ ಒಂದು ಕಲ್ಯಾಣಮಂಟಪದಲ್ಲಿ, ಕಂಬಕ್ಕೂ ಲೈಟ್ ಸ್ಟ್ಯಾಂಡಿಗೂ ನಡುವೆ ಸಿಕ್ಕಿಕೊಂಡಿದ್ದ ಕುಸುಮಾಳ ಕೈಯಲ್ಲಿ. ಅವಳು ಮದುಮಗಳು ರಂಜಿತಾಳ ಹಾಸ್ಟೆಲ್ ಗೆಳತಿ. ಫೋನ್ ಅಡ್ಡ ಹಿಡಿಯೇ ಎಂದು ಯಾರೋ ಗದರಿದರು. ಅಡ್ಡ ಹಿಡಿಯಲು ಅಲ್ಲಿ ಜಾಗವಿರಲಿಲ್ಲ.

ಧಾರೆ ನಡೆಯುತ್ತಿತ್ತು. ರಂಜಿತಾಳ ತಂದೆ ಇಲ್ಲ. ಗಂಡನಿಲ್ಲದವಳು ಧಾರೆ ಎರೆಯಬಾರದು ಎಂಬುದು ಆ ಮನೆಯ ಕಟ್ಟಳೆ. ಹಾಗಾಗಿ ದೊಡ್ಡಪ್ಪ ಶಿವನಂಜೇಗೌಡರು ಹೆಂಡತಿಯೊಡನೆ ಹಾಲು ಎರೆಯುತ್ತಿದ್ದರು. ಹಿಂದೆ ನಿಂತಿದ್ದ ತಾಯಿ ಸಾಕಮ್ಮ ಒಂದು ಹೆಜ್ಜೆ ಮುಂದೆ ಬಂದಳು.

"ಅಡ್ಡ ಬರ್ಬೇಡ ಕಣವ್ವ" ಅಂದರು ದೊಡ್ಡಪ್ಪ, ತಿರುಗಿಯೂ ನೋಡದೆ.

ರಂಜಿತಾ ಒಂದು ಕೈ ಬಿಡಿಸಿಕೊಂಡು ತಾಯಿಯ ಕೈ ಎಳೆದು ಹಾಲಿನ ಗಿಂಡಿಯ ಮೇಲಿಟ್ಟಳು. ನನ್ನ ಮೇಲುಭಾಗದಲ್ಲಿ ನಗುವ ಮುಖಗಳಿವೆ. ಕೆಳಭಾಗದಲ್ಲಿ ಆ ಬಳೆಯಿಲ್ಲದ ಕೈ. ಸ್ಟುಡಿಯೋದ ದೊಡ್ಡ ಕ್ಯಾಮೆರಾ ಆ ಹೊತ್ತಿನಲ್ಲಿ ಮುಖಗಳನ್ನಷ್ಟೇ ಹಿಡಿಯಿತು. ತಾನಾಗಿ ಹಿಡಿಯಿತೋ, ಯಾರಾದರೂ ಹೇಳಿದ್ದರೋ, ನನಗೆ ಈಗಲೂ ಅನುಮಾನ.

ಕುಸುಮಾ ನನ್ನನ್ನು ಸ್ಟುಡಿಯೋಗೆ ಕಳಿಸಿದಳು. ಆಮೇಲೆ ಫೋನ್ ತುಂಬಿತೆಂದು ಅಳಿಸಿದಳು. ಹೆತ್ತವರ ಮೇಲೂ ನಂಬಿಕೆ ಇಡಬಾರದು.

ಸ್ಟುಡಿಯೋದ ಇಮ್ತಿಯಾಜ್ ಎಲ್ಲರಿಗೂ "ಆಯ್ತು" ಅನ್ನುವ ಮನುಷ್ಯ. ಅಂಥವರೆಂದರೆ ನನಗೆ ಇನ್ನೂ ಹೆಚ್ಚು ಅನುಮಾನ. ಮದುವೆಯ ವಿಡಿಯೋ ಟೀವಿಯ ಅಗಲಕ್ಕೆ ತಯಾರಾಗುತ್ತಿತ್ತು. ಅದರ ನಡುವೆ ನಾನು ಬಾಗಿಲ ಸಂದಿಯ ಹಾಗೆ ನಿಂತೆ, ಎರಡೂ ಪಕ್ಕ ಕಪ್ಪು. ಶುಭಕಾರ್ಯದಲ್ಲಿ ಕರಿ ಪಟ್ಟಿ ಬೇಡವೆಂದು ದೊಡ್ಡಪ್ಪ ಹೇಳಿಕಳಿಸಿದರು. ಇಮ್ತಿಯಾಜ್ ಅಗಲ ತುಂಬುವವರೆಗೆ ನನ್ನನ್ನು ಹಿಗ್ಗಿಸಿದ. ಈಗ ಮೇಲೂ ಕೆಳಗೂ ಅಂಚು ದಾಟಿ, ನನ್ನ ಒಂದು ತುಂಡು ಮಾತ್ರ ಕಾಣುತ್ತಿತ್ತು. ಯಾವ ತುಂಡು ಎಂಬುದೇ ಜಗಳ.

ರಂಜಿತಾ ಬಂದಳು. "ಕೈ ಇರ್ಲಿ ಅಣ್ಣ. ಅಮ್ಮ ನನ್ ಮದ್ವೇಲಿ ಇದ್ಲು ಅನ್ನೋಕೆ ಇದೊಂದೇ ಇರೋದು."

"ಆಯ್ತಮ್ಮ."

ಮರುದಿನ ದೊಡ್ಡಪ್ಪ ಬಂದರು. ಪರದೆಯ ಕೆಳ ಅಂಚಿನಲ್ಲಿ ಬೆರಳುಗಳು ಇಣುಕುತ್ತಿದ್ದವು. ಅದು ಯಾರ ಕೈ ಎಂದು ಬಾಯಿಬಿಟ್ಟು ಹೇಳಲು ಅವರಿಗೆ ಮುಜುಗರ.

"ಇದನ್ನ ಸ್ವಲ್ಪ ಮೇಲಕ್ಕೆ ಸರ್ಸಪ್ಪ."

"ಮೇಲಕ್ಕೇನಾ ಗೌಡ್ರೇ?"

"ಮೇಲಕ್ಕೆ." ಅಷ್ಟು ಹೇಳಿ ಎದ್ದು ಹೋದರು.

ಅವರ ಮನಸ್ಸಿನಲ್ಲಿದ್ದದ್ದು ಮೇಲಿನದನ್ನು ತೋರಿಸು ಎಂದು. ಆದರೆ ಎಡಿಟಿಂಗಿನಲ್ಲಿ ಚೌಕಟ್ಟು ಅಲುಗುವುದಿಲ್ಲ, ಸರಿಯುವುದು ಚಿತ್ರ. ನನ್ನನ್ನು ಮೇಲಕ್ಕೆ ದೂಡಿದರೆ ಮುಖಗಳು ಅಂಚು ದಾಟಿ ಹೋಗುತ್ತವೆ, ಕೆಳಗಿದ್ದದ್ದು ಬಂದು ನಡುವೆ ನಿಲ್ಲುತ್ತದೆ. ಇಮ್ತಿಯಾಜ್ ಹೇಳಿದಷ್ಟನ್ನೇ ಮಾಡಿದ. ನನ್ನ ದನಿಯನ್ನೂ ಮುಟ್ಟಲಿಲ್ಲ.

ವಿಡಿಯೋ ಮನೆ ತಲುಪಿದ ಮೇಲೆ ಸ್ಟುಡಿಯೋಗೆ ಫೋನ್ ಬಂತು. ಆಚೆ ದೊಡ್ಡಪ್ಪನ ಕೂಗು. ನೆಂಟರೆಲ್ಲ ಕೂತಿದ್ದಾಗ ಟೀವಿಯ ತುಂಬ ಆ ಕೈ ಬಂದಿತ್ತಂತೆ, ಜೊತೆಗೆ "ಅಡ್ಡ ಬರ್ಬೇಡ" ಎಂಬ ಅವರದೇ ಮಾತು.

"ನೀವೇ ಹೇಳಿದ್ರಲ್ಲ ಗೌಡ್ರೇ. ಮೇಲಕ್ಕೇ ಸರ್ಸಿದೀನಿ."

ಕೂಗಿನ ಹಿಂದೆ ಸಾಕಮ್ಮನ ದನಿ ಸಣ್ಣಗೆ ಕೇಳಿಸಿತು. "ಇನ್ನೊಂದ್ಸಲ ಹಾಕು ಮಗಾ ಅದನ್ನ."

ತಿದ್ದಿಕೊಡು ಎಂದರು ದೊಡ್ಡಪ್ಪ. ಇಮ್ತಿಯಾಜ್ "ಆಯ್ತು" ಅಂದ. ಆಮೇಲೆ ನನ್ನನ್ನು ತೆರೆಯಲೇ ಇಲ್ಲ.

ಈಗ ನಾನು ಹಾರ್ಡ್ ಡಿಸ್ಕಿನಲ್ಲಿ, ಡ್ರಾಯರಿನ ಕತ್ತಲಲ್ಲಿದ್ದೇನೆ. ಅವನು ತಿಳಿಯದೆ ಮಾಡಿದನೋ, ತಿಳಿದೇ ಮಾಡಿದನೋ, ಕೇಳುವ ಹಾಗಿಲ್ಲ. ಕೇಳಿದರೂ "ಆಯ್ತು" ಅಂದಾನು. ಡ್ರಾಯರ್ ಎಳೆದ ಸದ್ದಾದಾಗಲೆಲ್ಲ, ಯಾರೋ ನನ್ನನ್ನು ಕೆಳಕ್ಕೆ ಸರಿಸಿ ಆ ಕೈ ಮರೆಮಾಡಲು ಬಂದರು ಅಂದುಕೊಳ್ಳುತ್ತೇನೆ.