ಭಾನುವಾರದ ಸೊನ್ನೆ

ನಾಲ್ಕನೆಯ ಗೂಟ ಹಟ ಹಿಡಿದಿತ್ತು. ಮೊಯೆಲಾಗಿ ಬ್ಯಾಟನ್ನು ಹುಲ್ಲಿಗೆ ಎಸೆದು, ಹೂವಿನ ಲುಂಗಿಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಎರಡೂ ಕೈಯಲ್ಲಿ ಅದರ ಕತ್ತು ಹಿಡಿದು ಅತ್ತಿಂದಿತ್ತ ಅಲ್ಲಾಡಿಸಿದಳು. ತುದಿಗೆ ಕಟ್ಟಿದ್ದ ಗುಲಾಬಿ ಬಣ್ಣದ ಪಟ್ಟಿ ಗಾಳಿಗೆ ಮುಖಕ್ಕೆ ಬಡಿಯಿತು. ಅದನ್ನು ಹಲ್ಲಲ್ಲಿ ಕಚ್ಚಿ ಹಿಡಿದು ಮತ್ತೆ ಜಗ್ಗಿದಳು.

"ಬಿಡು ಅತ್ತೆ, ಸೊಂಟ ಹಿಡ್ಕೊಂಡ್ರೆ ನಿನ್ ಬದ್ಲು ಯಾರು ಆಡ್ತಾರೆ?" ಎಂದು ತಿರೇಸಾ ಕೂಗಿದಳು. ತಿರೇಸಾ ಮೊಯೆಲಾಗಿಯ ತಮ್ಮನ ಮಗಳು. ತಂಡದಲ್ಲಿ ಎಲ್ಲರಿಗಿಂತ ವೇಗವಾಗಿ ಓಡುವವಳು, ಎಲ್ಲರಿಗಿಂತ ಹೆಚ್ಚು ಮಾತಾಡುವವಳು.

"ನನ್ ಸೊಂಟ ಆಮೇಲೆ. ಇದನ್ನ ಹೊಡೆದವನ ಸೊಂಟ ಮೊದ್ಲು ಮುರೀಬೇಕು."

ಗೂಟ ಕಿತ್ತುಬಂತು. ಅದರ ಹಿಂದೆ ಮಣ್ಣೂ ಹುಲ್ಲಿನ ಬೇರೂ ಹಾರಿ ಅವಳ ರವಿಕೆಯ ಮೇಲೆ ಬಿತ್ತು. ಸುತ್ತ ನಿಂತಿದ್ದ ಹೆಂಗಸರು ಶಿಳ್ಳೆ ಹೊಡೆದು ಕುಣಿದರು. ಸಮೋವನ್ನರ ಕ್ರಿಕೆಟ್ ಆದ ಕಿಲಿಕಿಟಿಯಲ್ಲಿ ಎದುರಾಳಿಯ ವಿಕೆಟ್ ಬಿದ್ದಾಗ ಹಾಗೆಯೇ ಕುಣಿಯುವುದು. ಮೊಯೆಲಾಗಿ ಮಾತ್ರ ನಗಲಿಲ್ಲ. ಗೂಟಗಳ ಸಾಲು ಮೈದಾನವನ್ನು ಸರಿಯಾಗಿ ಎರಡು ಹೋಳು ಮಾಡಿತ್ತು. ಆ ಸಾಲು ಸಿಮೆಂಟಿನ ಪಿಚ್ಚನ್ನು ದಾಟುವ ಕಡೆ, ಗೂಟ ಇಳಿಯದೆ, ಯಾರೋ ಗುಲಾಬಿ ಬಣ್ಣದಿಂದ ಗೆರೆ ಎಳೆದು ಹೋಗಿದ್ದರು. ಅವಳು ಬೆಳಿಗ್ಗೆ ಬಂದವಳೇ ಆ ಗೆರೆಯನ್ನು ಚಪ್ಪಲಿಯಿಂದ ಉಜ್ಜಿದ್ದಳು. ಗೆರೆ ಹೋಗಿರಲಿಲ್ಲ, ಚಪ್ಪಲಿಗೆ ಬಣ್ಣ ಹತ್ತಿತ್ತು.

ಆ ಪಿಚ್ಚು ಹ್ಯಾಲ್ಡೇನ್ ಪಾರ್ಕ್ ಬಡಾವಣೆಗೆ ದ್ವೀಪದಿಂದ ವಲಸೆ ಬಂದ ಸಮೋವನ್ ಹೆಂಗಸರೇ ಹಾಕಿಕೊಂಡಿದ್ದು. ಮೊಯೆಲಾಗಿ ಆಗ ಶಾಲೆಗೆ ಹೋಗುವ ಹುಡುಗಿ. ರೈಲು ಹಳಿಯಾಚೆಯ ಕ್ರಿಕೆಟ್ ಕ್ಲಬ್ಬಿನವರು, ನಿಮ್ಮ ಮೂರು ಮೂಲೆಯ ಭಾರದ ಬ್ಯಾಟಿಗೆ ನಮ್ಮ ಹುಲ್ಲು ಹಾಳಾಗುತ್ತದೆ, ಹಾಡು ಕುಣಿತಕ್ಕೆ ನಮ್ಮ ಮುದುಕರ ನಿದ್ದೆ ಹಾಳಾಗುತ್ತದೆ ಎಂದು ಗೇಟಿಗೆ ಬೀಗ ಹಾಕಿದ್ದರು. ಅವಳ ಅಮ್ಮ ಮತ್ತು ಅಮ್ಮನ ಗೆಳತಿಯರು ಯಾರನ್ನೂ ಕೇಳದೆ ಈ ಖಾಲಿ ಮೈದಾನದಲ್ಲಿ ಸಿಮೆಂಟು ಸುರಿದರು. ಕಲಸಲು ಬಂದ ಗಂಡಸರು ರಗ್ಬಿಯ ವಿಷಯಕ್ಕೆ ಜಗಳಕ್ಕೆ ಬಿದ್ದದ್ದರಿಂದ ಪಿಚ್ಚು ಒಂದು ಕಡೆಗೆ ವಾಲಿಕೊಂಡೇ ಗಟ್ಟಿಯಾಯಿತು. ಚೆಂಡು ಇವತ್ತಿಗೂ ಆ ಕಡೆಗೇ ತಿರುಗುತ್ತದೆ. ಹೊರಗಿನ ತಂಡದವರು ಅದನ್ನು ಮೋಸ ಎನ್ನುತ್ತಾರೆ. ಒಳಗಿನವರು ನಗುತ್ತಾರೆ.

ಮೊಯೆಲಾಗಿ ಕಿತ್ತ ಗೂಟಗಳನ್ನು ಸೌದೆಯಂತೆ ತೋಳಿಗೆ ಏರಿಸಿಕೊಂಡು ಮೈದಾನದ ಅಂಚಿನ ಹಸಿರು ಡೇರೆಯತ್ತ ನಡೆದಳು. ಕ್ಯಾಪ್ಟನ್ ಹಿಂದೆ ಇಡೀ ತಂಡ. ಅವರ ಹಿಂದೆ, ಆಟಕ್ಕೆಂದು ವ್ಯಾನಿನಲ್ಲಿ ಬಂದಿಳಿದಿದ್ದ ಎದುರಾಳಿ ತಂಡವೂ ಹೊರಟಿತು. ಜಗಳವೆಂದರೆ ಯಾರು ಬಿಡುತ್ತಾರೆ?

ನಗರಸಭೆಯವರ ಡೇರೆ ಅದು. ಒಂದು ಮೂಲೆಯಲ್ಲಿ ಸಾಸೇಜ್ ಸುಡುತ್ತಿದ್ದರು, ಬ್ರೆಡ್ಡಿನೊಳಗಿಟ್ಟು ಪುಕ್ಕಟೆ ಕೊಡುತ್ತಿದ್ದರು. ಇನ್ನೊಂದು ಮೂಲೆಯಲ್ಲಿ ಬಣ್ಣದ ಫಲಕಗಳು, ಮುಂದೆ ಮೇಜು, ಮೇಜಿನ ಹಿಂದೆ ಫ್ರೇಸರ್ ಎಂಬ ಎಳೆಯ ಅಧಿಕಾರಿ. ಬಿಸಿಲಿಗೆ ಮೂಗು ಕೆಂಪಾಗಿತ್ತು. ಮೊಯೆಲಾಗಿ ಗೂಟಗಳನ್ನು ಅವನ ನಕ್ಷೆಯ ಮೇಲೆ ಧಡಾರನೆ ಸುರಿದಳು. ಮಣ್ಣು ಉದುರಿತು.

"ತಗೊಳ್ಳಪ್ಪ. ನಿಮ್ ಸಾಮಾನು ನಮ್ ಜಾಗದಲ್ಲಿ ಬಿದ್ದಿತ್ತು."

"ಆಂಟಿ, ಇದು ಸರ್ವೆಯವರು..."

"ಆಂಟಿ? ನಿಮ್ಮಪ್ಪ ನನ್ ಅಣ್ಣನಾ ತಮ್ಮನಾ?"

ಹೆಂಗಸರು ಗೊಳ್ಳೆಂದರು. ಫ್ರೇಸರ್ ಕೂಡ ನಗಲು ನೋಡಿದ. ಮೊಯೆಲಾಗಿಯ ಮುಖ ನೋಡಿ ನಿಲ್ಲಿಸಿದ.

"ಸರಿ, ಮೇಡಂ. ನಿಮ್ಗೆ ಬೇಜಾರಾಗಿದೆ, ನಂಗೆ ಅರ್ಥ ಆಗತ್ತೆ. ಅದಕ್ಕೇ ಇವತ್ತು ನಾವೇ ನಿಮ್ಮ ಹತ್ರ ಬಂದಿರೋದು. ನೋಡಿ, ಇಲ್ಲಿ ಅಂಟಿಸೋ ಚುಕ್ಕಿಗಳಿವೆ. ಉದ್ಯಾನದಲ್ಲಿ ಏನೇನು ಬೇಕು ಅಂತ ನೀವೇ ಚುಕ್ಕಿ ಅಂಟಿಸಿ ಹೇಳ್ಬಹುದು. ಉಯ್ಯಾಲೆ, ಸೈಕಲ್ ಓಡಿಸೋ ದಿಣ್ಣೆ, ಹೂವಿನ ಪಾತಿ..."

"ಪಿಚ್ಚು ಎಲ್ಲಿದೆ ಇದ್ರಲ್ಲಿ?"

ಫ್ರೇಸರ್ ಫಲಕದ ಕಡೆ ತಿರುಗಿದ. ಫಲಕದಲ್ಲಿ ಮೈದಾನದ ಅರ್ಧ ಪುಟ್ಟ ಉದ್ಯಾನವಾಗಿತ್ತು. ಉಳಿದರ್ಧದಲ್ಲಿ ಒತ್ತೊತ್ತಾಗಿ ಮನೆಗಳು ನಿಂತಿದ್ದವು, ಒಂದೊಂದರ ಮುಂದೂ ಒಂದೊಂದು ಬಿಳಿ ಕಾರು. ಹೂವಿನ ಪಾತಿಯ ಪಕ್ಕ ಟೋಪಿ ಹಾಕಿದ ತಾಯಿಯೊಬ್ಬಳು ಮಗುವನ್ನು ಗಾಡಿಯಲ್ಲಿ ತಳ್ಳುತ್ತಿದ್ದಳು. ಅವಳಿಗೆ ಮುಖವಿರಲಿಲ್ಲ.

"ಆ ಹಳೇ ಸಿಮೆಂಟ್ ಹಾಸು... ಅದ್ರಲ್ಲಿ ಅರ್ಧ ಮಾರೋ ಭಾಗಕ್ಕೆ ಹೋಗತ್ತೆ," ಎಂದ.

"ಮಾರೋದು. ನೋಡ್ರೇ, ಬಾಯಲ್ಲಿ ಬಂತು. ಮಾರ್ಬೇಕಾ ಬೇಡ್ವಾ ಅಂತ ಕೇಳೋ ಫಲಕ ಯಾವ್ದಪ್ಪ? ಅದಕ್ಕೆ ಚುಕ್ಕಿ ಅಂಟಿಸ್ತೀನಿ ನಾನು. ಒಂದಲ್ಲ, ಆ ಡಬ್ಬಿ ಪೂರ್ತಿ."

"ಅದು ಈ ಹಂತದಲ್ಲಿ ಬರಲ್ಲ. ಊರಲ್ಲಿರೋ ಎಲ್ಲಾ ಮೈದಾನದಲ್ಲೂ ಒಂದೇ ಥರ ಬರೋ ಜನರ ಎಣಿಕೆ ಮಾಡಿದ್ವಿ. ಎಲ್ಲಿ ಬಳಕೆ ಇಲ್ವೋ ಅಲ್ಲಿ ಅರ್ಧ ಮಾರಿ, ಬಂದ ದುಡ್ಡಲ್ಲಿ ಉಳಿದರ್ಧ ಚೆನ್ನಾಗಿ ಮಾಡೋದು ಅಂತ ತೀರ್ಮಾನ. ಇಲ್ಲಿ ಬಳಕೆ... ನಿಜ ಹೇಳ್ಬೇಕಂದ್ರೆ, ಸೊನ್ನೆ."

ಅವನ ಎದುರಿಗೆ ಎರಡು ತಂಡದ ಹೆಂಗಸರು, ಅವರ ಬ್ಯಾಟುಗಳು, ಡೋಲು, ಅನ್ನದ ಡಬ್ಬಿಗಳು, ಮಡಿಸುವ ಕುರ್ಚಿಗಳು, ಕುರ್ಚಿಯಲ್ಲಿ ಕೂತ ಅಜ್ಜಿಯರು. ತಿರೇಸಾ ತನ್ನ ಕೈಯನ್ನು ತಾನೇ ಚಿವುಟಿಕೊಂಡು, "ಅಯ್ಯೋ, ನೋವಾಗತ್ತೆ. ನಾನಿದ್ದೀನಿ ಅತ್ತೆ!" ಎಂದಳು.

ಈ ಸಲದ ನಗು ಜೋರಾಗಿತ್ತು, ಅದರೊಳಗೆ ಹಲ್ಲಿತ್ತು. ಆಗಲೇ ಮೊಯೆಲಾಗಿಯ ಕಣ್ಣು ಸಾಸೇಜ್ ತಿರುವುತ್ತಿದ್ದ ಹುಡುಗಿಯ ಮೇಲೆ ಬಿತ್ತು. ಕೆಂಚು ಜಡೆ, ಕಿವಿಯ ತುಂಬ ಸಣ್ಣ ರಿಂಗುಗಳು. ಹುಡುಗಿಯೂ ಅವಳನ್ನೇ ನೋಡುತ್ತಿದ್ದಳು.

"ನೀನಲ್ವಾ?" ಎಂದಳು ಮೊಯೆಲಾಗಿ. "ಹಳದಿ ಕೋಟು ಹಾಕ್ಕೊಂಡು ಬೇಲಿ ಹತ್ರ ಕೂತಿದ್ದೆ."

"ಹೌದು ಆಂಟಿ." ಹುಡುಗಿಯ ಮುಖ ಅರಳಿತು. "ಬ್ರೋನಿ ಅಂತ ನನ್ ಹೆಸ್ರು. ನೀವು ಊಟ ತಂದುಕೊಟ್ರಲ್ಲ, ಆ ಸೊಪ್ಪು, ತೆಂಗಿನಹಾಲು... ನಮ್ಮಮ್ಮನಿಗೆ ಎಷ್ಟು ಸಲ ಹೇಳಿದೀನೋ."

ಮೊಯೆಲಾಗಿಗೆ ಎಲ್ಲವೂ ಒಟ್ಟಿಗೆ ನೆನಪಾಯಿತು. ಚರ್ಚು ಬಿಟ್ಟ ಹೊತ್ತು. ಬೀದಿಯ ತುಂಬ ಬಿಳಿ ಬಟ್ಟೆ, ಬಿಳಿ ಟೋಪಿ. ಮನೆಮನೆಯಿಂದ ಭಾನುವಾರದ ಊಟದ ವಾಸನೆ. ಈ ಹುಡುಗಿ ಬಿಸಿಲಲ್ಲಿ ಒಬ್ಬಳೇ, ಕೈಯಲ್ಲಿ ಒತ್ತಿದರೆ ಟಿಕ್ ಎಂದು ಎಣಿಸುವ ಸಣ್ಣ ಯಂತ್ರ ಹಿಡಿದು, ಟಿಕ್ ಎನ್ನಿಸದೆ ಕೂತಿದ್ದಳು. ಏನು ಮಾಡ್ತಿದ್ದೀಯಮ್ಮ ಎಂದರೆ, ಪಾರ್ಕ್ ಚೆನ್ನಾಗಿ ಮಾಡೋಕೆ ಎಂದಿದ್ದಳು. ಮೊಯೆಲಾಗಿ ಮನೆಗೆ ಓಡಿ, ಬಾಳೆಕಾಯಿ, ಕೆಸುವಿನ ಗೆಡ್ಡೆ, ತೆಂಗಿನಹಾಲಿನಲ್ಲಿ ಬೆಂದ ಕೆಸುವಿನೆಲೆ ಎಲ್ಲವನ್ನೂ ತಟ್ಟೆಯ ತುಂಬ ಬಡಿಸಿ ತಂದಿದ್ದಳು. ಮುಂದಿನ ಭಾನುವಾರವೂ. ಅದರ ಮುಂದಿನ ಭಾನುವಾರವೂ. ಕೊನೆಯ ಸಲ, ಪಾಪ ಬಡಕಲು ಮಗು ಎಂದು ಎರಡು ಮೀನು ಹೆಚ್ಚಿಗೆ ಹಾಕಿದ್ದಳು.

"ಭಾನುವಾರ," ಎಂದಳು.

"ಹ್ಞೂಂ. ಭಾನುವಾರಾನೇ ಮೈದಾನಗಳು ತುಂಬಿರೋದು ಅಲ್ವಾ," ಎಂದ ಫ್ರೇಸರ್.

"ನಿಮ್ಮವು."

ಮೊಯೆಲಾಗಿ ಬ್ರೋನಿಯ ಹತ್ತಿರ ಹೋದಳು. ದನಿ ತಗ್ಗಿಸಿದಳು. ತಂಡದವರಿಗೆ ಆ ದನಿ ಗೊತ್ತಿತ್ತು, ನಗು ನಿಂತಿತು.

"ನಾನು ತಟ್ಟೆ ಹಿಡ್ಕೊಂಡು ನಿನ್ನೆದುರು ನಿಂತಿದ್ನಲ್ಲ ಮಗಾ. ಆ ದಿನ ಏನು ಬರ್ಕೊಂಡೆ?"

ಬ್ರೋನಿಯ ಕೈಯಲ್ಲಿದ್ದ ಇಕ್ಕಳ ನಿಂತಲ್ಲೇ ನಿಂತಿತು. "ಸೊನ್ನೆ."

"ನಾನು ಯಾರು ಹಾಗಾದ್ರೆ? ದೆವ್ವಾನಾ?"

"ಹುಲ್ಲಿನ ಮೇಲಿರೋರ್ನ ಮಾತ್ರ ಲೆಕ್ಕ ಹಾಕು ಅಂದಿದ್ರು ಆಂಟಿ. ನೀವು... ನೀವು ಬೇಲಿ ಆಚೆ, ಕಾಲುದಾರೀಲಿ ನಿಂತಿದ್ರಿ."

ಸಾಸೇಜ್ ಒಂದು ಕರಕಲಾಗಿ ಹೊಗೆ ಎದ್ದಿತು. ಮೊಯೆಲಾಗಿ ಬರಿಗೈಯಲ್ಲೇ ಅದನ್ನು ತೆಗೆದು ಹುಲ್ಲಿಗೆ ಎಸೆದಳು. ಬೆರಳು ಸುಟ್ಟದ್ದು ಆಮೇಲೆ ತಿಳಿಯಿತು. ಅವಳಿಗೆ ಬ್ರೋನಿಯ ಮೇಲಿದ್ದ ಸಿಟ್ಟು ಕಮ್ಮಿ. ತನ್ನ ಮೇಲೇ ಹೆಚ್ಚು. ಹೊಟ್ಟೆ ತುಂಬ ಬಡಿಸಿದ್ದೆ. ನನ್ನ ಮೈದಾನವನ್ನು ಅಳಿಸುವ ಕೈಗೆ ಮೀನು ಬಡಿಸಿದ್ದೆ.

"ಫ್ರೇಸರ್," ಎಂದು ಪಾದ್ರಿಯಮ್ಮ ಮುಂದೆ ಬಂದರು. ಪಾದ್ರಿಯ ಹೆಂಡತಿ ಎಸೆತಾ ಅವರನ್ನು ಎಲ್ಲರೂ ಕರೆಯುವುದೇ ಹಾಗೆ. ತಂಡದ ವಿಕೆಟ್ ಹಿಂದೆ ನಿಲ್ಲುವವರೂ ಅವರೇ, ಇನ್ನೂರು ಜನರಿಗೆ ಕೇಳುವಂತೆ ಮೆತ್ತಗೆ ಮಾತಾಡುವವರೂ ಅವರೇ. "ಭಾನುವಾರ ನಾವು ಆಡಲ್ಲಪ್ಪ. ದೇವರ ದಿನ. ಶನಿವಾರ ಪೂರ್ತಿ ಇಲ್ಲೇ ಇರ್ತೀವಿ. ಇವತ್ತು ಲೆಕ್ಕ ಹಾಕ್ಕೊಳ್ಳಿ. ನಾವು ಸಾಲಾಗಿ ನಿಂತ್ಕೊತೀವಿ ಬೇಕಾದ್ರೆ."

ಫ್ರೇಸರ್ ತಲೆ ಕೆರೆದುಕೊಂಡ. ಅವನು ಕೆಟ್ಟವನಾಗಿರಲಿಲ್ಲ, ಮೊಯೆಲಾಗಿಗೆ ಅದು ಇನ್ನೂ ಕಿರಿಕಿರಿ. ಕೆಟ್ಟವನಾಗಿದ್ದರೆ ಕೆಲಸ ಸುಲಭವಿತ್ತು.

"ಇವತ್ತಿಂದು ಸೇರಲ್ಲ. ಎಲ್ಲಾ ಕಡೆ ಭಾನುವಾರದ್ದೇ ಲೆಕ್ಕ, ಇಲ್ಲಿ ಮಾತ್ರ ಶನಿವಾರದ್ದು ಅಂದ್ರೆ ಮೇಲಿನವರು ಹರಿದು ಬಿಸಾಕ್ತಾರೆ. ಮಂಗಳವಾರ ನಗರಸಭೇಲಿ ಮತಕ್ಕೆ ಹಾಕ್ತಾರೆ, ಅದಾದ್ಮೇಲೆ ಏನೂ ಮಾಡೋಕಾಗಲ್ಲ." ಅವನು ಸುತ್ತ ನೋಡಿ ಮೇಜಿನ ಮೇಲೆ ಬಾಗಿದ. "ಆದ್ರೆ ಒಂದು ದಾರಿ ಇದೆ. ಅನುಮಾನ ಬಂದ್ರೆ ಇನ್ನೊಂದು ಸಲ ಎಣಿಸ್ಬಹುದು, ಅದೂ ಭಾನುವಾರಾನೇ ಆಗಿರ್ಬೇಕು. ನಾಳೆ. ಮಧ್ಯಾಹ್ನ ಎರಡು ಗಂಟೆಗೆ ಬ್ರೋನಿನ ಕಳಿಸ್ತೀನಿ. ನೀವಿಷ್ಟು ಜನ ಬಂದು ಹುಲ್ಲಿನ ಮೇಲೆ ನಿಂತ್ರೆ ಸಾಕು. ಆಡೋದೂ ಬೇಡ. ಬ್ಯಾಟ್ ಹಿಡ್ಕೊಂಡು ಒಂದರ್ಧ ಗಂಟೆ. ಅಷ್ಟು ಸಂಖ್ಯೆ ಬಂದ್ರೆ ಮಾರಾಟ ನಿಲ್ಸಿ ಅಂತ ನಾನೇ ಬರೀತೀನಿ. ಮಾತು ಕೊಡ್ತೀನಿ."

ಹೆಂಗಸರ ನಡುವೆ ಗುಸುಗುಸು ಎದ್ದಿತು.

"ಬರೀ ನಿಂತ್ಕೊಳ್ಳೋದು ತಾನೆ," ಎಂದಳು ಒಬ್ಬಳು.

"ಊಟ ಆದ್ಮೇಲೆ ಹೆಂಗೂ ಮಲಗ್ತೀವಿ. ಇಲ್ಲೇ ಬಂದು ಮಲಗಿದ್ರಾಯ್ತು," ಎಂದಳು ಇನ್ನೊಬ್ಬಳು.

ಪಾದ್ರಿಯಮ್ಮ ಕಣ್ಣು ಮುಚ್ಚಿ ತೆರೆದರು. "ನಾನು ಪಾದ್ರಿಗಳ ಹತ್ರ ಮಾತಾಡ್ತೀನಿ, ಮೊಯೆಲಾಗಿ. ಎರಡು ಪ್ರಾರ್ಥನೆಗಳ ನಡುವೆ ಹೊತ್ತಿರತ್ತೆ. ಆಟ ಅಲ್ವಲ್ಲ. ದೇವರು ಅಷ್ಟು ಸಣ್ಣ ಮನಸ್ಸಿನೋನಲ್ಲ."

"ನೀನ್ಯಾಕೆ ಅತ್ತೆ ಹಂಗೆ ನಿಂತ್ಕೊಂಡೆ?" ತಿರೇಸಾ ಅವಳ ತೋಳು ಜಗ್ಗಿದಳು. "ಭಾನುವಾರ ಕೆಲಸ ಮಾಡ್ಬಾರ್ದು ಅಂದ್ರೂ ಗ್ಯಾರೇಜ್ ಬಾಗ್ಲು ಹಾಕ್ಕೊಂಡು ಬಟ್ಟೆ ಒಗೆಯೋಳು ನೀನು. ಬೀದಿಗೆಲ್ಲ ಮಿಷಿನ್ ಸದ್ದು ಕೇಳತ್ತೆ. ಪಾದ್ರಿಯಮ್ಮನೇ ಸರಿ ಅಂದ್ರಲ್ಲ!"

ನಿಜ. ಮೊಯೆಲಾಗಿಗೆ ದೇವರ ದಿನದ ಮೇಲೆ ಅಂಥ ಪ್ರೀತಿಯೇನೂ ಇರಲಿಲ್ಲ. ಹುಡುಗಿಯಾಗಿದ್ದಾಗ ಭಾನುವಾರ ಓಡಿದ್ದಕ್ಕೆ, ನಕ್ಕಿದ್ದಕ್ಕೆ, ಕೂದಲು ಬಿಚ್ಚಿದ್ದಕ್ಕೆ ಅಮ್ಮನಿಂದ ಏಟು ತಿಂದವಳು. ಪ್ರಾರ್ಥನೆಯ ನಡುವೆ ಹಿಂಬಾಗಿಲಿಂದ ತಪ್ಪಿಸಿಕೊಂಡು ಇಲ್ಲಿಗೇ ಬರುತ್ತಿದ್ದಳು. ಬಿಳಿ ಬಟ್ಟೆಗೆ ಕಲೆಯಾಗದಂತೆ ಸಿಮೆಂಟಿನ ಮೇಲೆ ಅಂಗಾತ ಮಲಗುತ್ತಿದ್ದಳು. ಇಡೀ ಹ್ಯಾಲ್ಡೇನ್ ಪಾರ್ಕಿನಲ್ಲಿ ಯಾರೂ ಇಲ್ಲದ ಜಾಗ ಅದೊಂದೇ. ಮನೆಯಲ್ಲಿ ಒಂದೊಂದು ಕೋಣೆಗೆ ಐದೈದು ಜನ. ಚರ್ಚಿನ ಹಾಡು ಬೇಲಿಯವರೆಗೆ ಬಂದು ನಿಲ್ಲುತ್ತಿತ್ತು. ಶನಿವಾರದ ಗದ್ದಲವೆಲ್ಲ ಇಂಗಿದ ಮೇಲೆ ಮೈದಾನ ಉಸಿರಾಡುವುದು ಬೆನ್ನಿಗೆ ತಿಳಿಯುತ್ತಿತ್ತು. ಆ ಖಾಲಿಯನ್ನು ಯಾವ ಯಂತ್ರದಲ್ಲಿ ಟಿಕ್ ಅನ್ನಿಸುತ್ತಾರೆ?

ಅವಳು ನಾಳೆಯನ್ನು ಕಣ್ಣ ಮುಂದೆ ತಂದುಕೊಂಡಳು. ಬಿಳಿ ಟೋಪಿಯ ಹೆಂಗಸರು, ಆಡದೆ, ಹಾಡದೆ, ಬ್ಯಾಟು ಹಿಡಿದು ಹುಲ್ಲಿನ ಮೇಲೆ ಸಾಲಾಗಿ, ಅಂಗಡಿಯ ಗೊಂಬೆಗಳ ಹಾಗೆ. ಹಳದಿ ಕೋಟಿನ ಹುಡುಗಿ ಟಿಕ್, ಟಿಕ್, ಟಿಕ್. ಮುಗಿಯಿತು, ಮನೆಗೆ ಹೋಗಿ. ಮುಂದಿನ ವರ್ಷ ಇನ್ಯಾವನೋ ಬಂದು ಇನ್ನೊಂದು ಕೇಳುತ್ತಾನೆ. ಅಮ್ಮ ಸಿಮೆಂಟು ಸುರಿಯುವಾಗ ಯಾರ ಮುಂದೂ ಹೀಗೆ ನಿಂತಿರಲಿಲ್ಲ.

ಜೊತೆಗೆ ಮಂಗಳವಾರವೂ ಕಂಡಿತು. ಬೇಲಿ, ಬೀಗ, ಪಿಚ್ಚನ್ನು ಒಡೆಯುವ ಯಂತ್ರ. ಅದೂ ಸ್ಪಷ್ಟವಾಗಿಯೇ ಕಂಡಿತು.

"ಪಾದ್ರಿಯಮ್ಮ ಬರೋದಾದ್ರೆ ಬರ್ಲಿ. ನೀವೆಲ್ಲ ಬರೋದಾದ್ರೆ ಬನ್ನಿ, ನಾನು ಕಾಲು ಹಿಡಿದು ಎಳೆಯಲ್ಲ," ಎಂದಳು. ಆಮೇಲೆ ಫ್ರೇಸರನ ಕಡೆ ತಿರುಗಿದಳು. "ಭಾನುವಾರ ಈ ಮೈದಾನ ಖಾಲಿ ಇರೋದು ಯಾರಿಗೂ ಬೇಡ ಅಂತಲ್ಲ ಕಣಪ್ಪ. ನಾವು ಖಾಲಿ ಬಿಡ್ತೀವಿ. ಮೂರು ವಾರ ಕೂತು ನೋಡಿದ್ರಲ್ಲ, ಒಬ್ಬರನ್ನಾದ್ರೂ ಕೇಳಿದ್ರಾ ಯಾಕೆ ಖಾಲಿ ಅಂತ? ಊಟ ತಂದೋಳ್ನ ಕೇಳ್ಬಹುದಿತ್ತು."

ಬ್ರೋನಿ ತಲೆ ತಗ್ಗಿಸಿದಳು. ಫ್ರೇಸರ್ ಗೂಟಗಳನ್ನು ಒಂದೊಂದಾಗಿ ಪಕ್ಕಕ್ಕೆ ಇಟ್ಟು ನಕ್ಷೆಯ ಮಣ್ಣು ಕೊಡವಿದ.

"ತಪ್ಪಾಗಿದೆ, ಒಪ್ಕೊತೀನಿ. ಆದ್ರೆ ಈಗ ನನ್ನ ಕೈಲಿರೋದು ಇದೊಂದೇ. ಅರ್ಧ ಗಂಟೆ, ಮೇಡಂ. ನೀವು ಕ್ಯಾಪ್ಟನ್, ನೀವು ನಿಂತ್ರೆ ಎಲ್ರೂ ನಿಲ್ತಾರೆ. ನಾಳೆ ಎರಡು ಗಂಟೆಗೆ ಬರ್ತೀವಿ ಅನ್ನಿ, ಉಳಿದದ್ದು ನಾನು ನೋಡ್ಕೊತೀನಿ."

ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಮೊಯೆಲಾಗಿ ತಿರೇಸಾಳ ಕೈಯಿಂದ ತನ್ನ ಬ್ಯಾಟು ಇಸಿದುಕೊಂಡು ಹೆಗಲಿಗೇರಿಸಿದಳು.

"ಬರಲ್ಲ," ಎಂದಳು.