ಗಾಡಿಯ ಮೇಲಿನ ಜಾಗ

ಮೈಕಿನ ಜೇಬಿನಲ್ಲಿ ಅದೇ ಪೆನ್ನು, ಚಿನ್ನದ ಬಣ್ಣದ ಮುಚ್ಚಳ, ಫ್ಯಾನಿನ ಗಾಳಿಗೆ ಅಂಗಿ ಅಲುಗಿದಾಗೆಲ್ಲ ಮಿನುಗುತ್ತದೆ — ಪಕ್ಷದ ಭಾಷಣಕಾರನಿಗೆ ಊರು ಪ್ರೀತಿಯಿಂದ ಇಟ್ಟ ಹೆಸರು ಮೈಕು, ಬಾವುಟವೆಲ್ಲ ಹೊಲಿದುಕೊಟ್ಟ ದರ್ಜಿಗೆ ಯಾರೂ ಒಂದು ಅಡ್ಡಹೆಸರನ್ನೂ ಇಡಲಿಲ್ಲ, ಆ ಅಂಗಿಯನ್ನೂ ಹೊಲಿದವನು ತಾನೇ, ಹೊಟ್ಟೆ ಉರಿಯುತ್ತದೆ, ಹೌದು, ಉರಿಯುತ್ತದೆ, ಸುಳ್ಳೇಕೆ. ಮೇಜಿನಾಚೆ ಬ್ಯಾಂಕಿನವರು ಕಾಯುತ್ತಿದ್ದಾರೆ, ಚುನಾವಣೆ ಸೋತಾಯಿತು, ಸಾಲ ತೆಗೆದು ಕೊಂಡ ಪ್ರಚಾರದ ಗಾಡಿ ಕಚೇರಿಯ ಹಿಂದೆ ಧೂಳು ತಿನ್ನುತ್ತಿದೆ, ಕಂತು ಕಟ್ಟುವವರು ಯಾರು, ಸಾಲ ಪಕ್ಷದ್ದಲ್ಲಪ್ಪ, ರುಜು ಹಾಕಿದೋರದ್ದು, ಎನ್ನುತ್ತಾರೆ ಅಧ್ಯಕ್ಷರು, ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ, ಇವರು ಹೊಳೆಯನ್ನೂ ದಾಟಲಿಲ್ಲವಲ್ಲ. ರುಜು ಹಾಕಿದವನು ದರ್ಜಿಯೇ. ಸಾಲ ತೆಗೆದ ಅವತ್ತೂ ಇದೇ ಮೇಜು, ಸಾಲಕ್ಕೆ ಯಾರು ರುಜು ಹಾಕ್ತೀರೋ ಅವರು ಗಾಡಿ ಮೇಲೆ ನನ್ನ ಬಲಗಡೆ ನಿಲ್ಲಿ ಎಂದಿದ್ದರು ಅಧ್ಯಕ್ಷರು, ಕೊಡಿ ನಾನೇ ಹಾಕ್ತೀನಿ ಎಂದು ಮೈಕು ಜೇಬಿಗೆ ಕೈ ಹಾಕಿದ, ಅಷ್ಟೇ, ಕಿವಿಗೆ ಸಿಕ್ಕಿಸಿಕೊಂಡಿದ್ದ ಅಳತೆ ಬರೆಯುವ ಪೆನ್ನಿನಲ್ಲಿ ದರ್ಜಿ ಗೀಚಿಬಿಟ್ಟ, ಅಡಮಾನಕ್ಕೆ ಹೆಂಡತಿಗೆ ತವರಿನವರು ಕೊಟ್ಟ ಮನೆ, ಅವಳನ್ನೂ ಕಾಡಿ ಬೇಡಿ ಒಪ್ಪಿಸಿದ. ಒಂದು ದಿನ ಬಲಗಡೆ ನಿಂತ, ಒಂದೇ ದಿನ, ಆಮೇಲೆ ನೀನು ಸ್ವಲ್ಪ ಕೆಳಗಿಳಿಯಪ್ಪ, ಮೈಕು ಮಾತಾಡ್ಬೇಕು, ಇಳಿದ, ತನ್ನದೇ ಸಾಲದ ಗಾಡಿಯ ಹಿಂದೆ ಬಾವುಟ ಹಿಡಿದು ಹೊಗೆ ಕುಡಿಯುತ್ತ ನಡೆದ, ಮೇಲಿನಿಂದ ಮೈಕು ಕೈ ಬೀಸಿದರೆ ಕಿಟಕಿ ಕಿಟಕಿಯಲ್ಲೂ ಹೆಂಗಸರು ಕೈ ಬೀಸಿದರು, ಅವರ ನಡುವೆ ತನ್ನ ಹೆಂಡತಿಯೂ, ಎಷ್ಟು ಚೆನ್ನಾಗಿ ಮಾತಾಡ್ತಾರ್ರೀ ಅವ್ರು, ಅಂದಳು ರಾತ್ರಿ ಊಟಕ್ಕೆ ಬಡಿಸುತ್ತ.

ಇವತ್ತು ಬೆಳಿಗ್ಗೆ ಅವಳೇ ಬಾಗಿಲವರೆಗೆ ಬಂದು, ರೀ, ನಾಚಿಕೆ ಬಿಟ್ಟು ಕೇಳಿ, ಆ ಸಾಲ ಯಾರ ತಲೆಗಾದ್ರೂ ಕಟ್ಟಿ ಬನ್ನಿ, ಮನೆ ಉಳಿದ್ರೆ ಸಾಕು — ಮೈಕು ಗಂಟಲು ಸರಿಮಾಡಿಕೊಳ್ಳುತ್ತಾನೆ, ಅಣ್ಣನಿಗ್ಯಾಕೆ ತೊಂದ್ರೆ, ಸಾಲ ನನ್ನ ಹೆಸರಿಗೆ ಬರ್ಕೊಳ್ಳಿ, ಗಾಡೀನೂ ಬರ್ಕೊಳ್ಳಿ, ಭಲೇ ಎನ್ನುತ್ತಾರೆ ಅಧ್ಯಕ್ಷರು, ಅವನ ಬೆನ್ನು ತಟ್ಟುತ್ತಾರೆ, ಮನೆ ಉಳಿಯಿತು, ಬಾಯಿ ಮುಚ್ಚಿಕೊಂಡು ಕೂತರೆ ಸಾಕು, ಉಳಿಯಿತು — ಆದರೆ ಮುಂದಿನ ಚುನಾವಣೆ ಬರುತ್ತದಲ್ಲ, ಅದೇ ಗಾಡಿ, ಆಗ ಗಾಡಿಯೂ ಅವನದೇ, ಜಾಗವೂ ಅವನದೇ, ಮನೆ ಉಳಿಸಿದ ಪುಣ್ಯಾತ್ಮನೂ ಅವನೇ, ಎಂಥಾ ದೊಡ್ಡ ಮನಸ್ಸು ರೀ ಅವರದ್ದು ಎನ್ನುತ್ತಾಳೆ ಅವಳು, ಆ ಮನೆಯ ಗೋಡೆಗೋಡೆಯೂ ಅದನ್ನೇ ಹೇಳುತ್ತದೆ, ಸಾಯುವ ತನಕ. ಬ್ಯಾಂಕಿನವರು ಸಾಲದ ಹೊಣೆಯ ಹಾಳೆ ಸರಿಸುತ್ತಾರೆ, ಮೈಕು ಜೇಬಿಗೆ ಕೈ ಹಾಕುತ್ತಾನೆ, ಪೆನ್ನು ಹೊರಗೆ ಬರುತ್ತಿದೆ, ಬರುತ್ತಿದೆ — ಬೇಡ, ಯಾರ ದಾನಾನೂ ಬೇಡ, ಸಾಲ ನಂದು, ಗಾಡೀನೂ ನಂದು, ನಾನೇ ಕಟ್ತೀನಿ, ಯಾರ ದನಿ ಇದು, ತನ್ನದೇ, ಕಿವಿಯ ಮೇಲಿನ ಪೆನ್ನು ಆಗಲೇ ಬೆರಳಿಗೆ ಬಂದಿದೆ, ಹಾಳೆ ಎಳೆದುಕೊಂಡಾಗಿದೆ, ರುಜು ಬಿದ್ದಾಗಿದೆ. ಸದ್ಯ, ಇತ್ಯರ್ಥ ಆಯ್ತಲ್ಲ ಎಂದು ಅಧ್ಯಕ್ಷರು ಏಳುತ್ತಾರೆ, ಮನೆ ಬಾಗಿಲಲ್ಲಿ ಕಾಯುತ್ತಿರುತ್ತಾಳೆ ಅವಳು, ಏನಾಯ್ತು ರೀ, ಏನು ಹೇಳಲಿ, ನಿಮ್ಮಿಷ್ಟ ಅಣ್ಣಾ ಎಂದು ಮೈಕು ನಗುತ್ತಾನೆ, ಅವತ್ತೂ ಹೀಗೇ ನಕ್ಕಿದ್ದ, ಪೆನ್ನು ಮತ್ತೆ ಜೇಬಿಗೆ ಇಳಿಯುತ್ತಿದೆ, ಮುಚ್ಚಳ ಹಾಗೇ ಇದೆ, ತೆಗೆದೇ ಇಲ್ಲ, ಅವತ್ತೂ ತೆಗೆದಿರಲಿಲ್ಲ, ಮುಚ್ಚಳ, ಚಿನ್ನದ ಬಣ್ಣದ್ದು, ಬಿಗಿಯಾಗಿ ಕೂತ ಮುಚ್ಚಳ, ಮುಚ್ಚಳ