ಕುದಿಸಿದ ಪಾದೋದಕ

ಹನ್ನೊಂದನೆಯ ಬಾಟಲಿಯೂ ಒಡೆಯಲಿಲ್ಲ.

ಶಿವಾನಂದ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿದ. ತಳದಲ್ಲಿ ಕಲೆಯಿಲ್ಲ, ಕುತ್ತಿಗೆಯಲ್ಲಿ ಬಿರುಕಿಲ್ಲ. ಒಳಗಿನ ಗೋಲಿ ಟಕ್ಕೆಂದು ಕದಲಿತು.

"ಏನ್ ನೋಡಾಕತ್ತೀರಿ ಸಾಬ್, ಮದುಮಗಳ ಮಾರಿ ನೋಡಿದಂಗ?" ಎಂದರು ಸತ್ತಾರ್ ಸಾಹೇಬರು. ಮೂಸಾಪೇಟೆಯಲ್ಲಿ ಅವರದು ಸೋಡಾ ಕಾರ್ಖಾನೆ. ಹುಟ್ಟಿದ್ದು ಹುಮನಾಬಾದಿನಲ್ಲಿ. ಹಾಗಾಗಿ ಈ ತೆಲುಗು ಊರಿನಲ್ಲಿ ಇವನ ಜೊತೆ ಮಾತ್ರ ಕನ್ನಡ.

"ಕುತ್ತಿಗಿಯೊಳಗಿನ ರಬ್ಬರ್ ಉಂಗರಾನೂ ಕರಗಿಲ್ಲ" ಎಂದ ಶಿವಾನಂದ.

"ಕರಗಿಲ್ಲ ಅಂದ್ರ ನಗ್ರಿ ಒಂದೀಟು. ವರ್ಷ ಆತು, ನಿಮ್ಮ ಹಲ್ಲು ನೋಡಿಲ್ಲ ನಾ."

ಶಿವಾನಂದ ಹಲ್ಲು ತೋರಿಸಿದ.

ಬಾಲಾನಗರದ ತನ್ನ ತಗಡಿನ ಶೆಡ್ಡಿನಲ್ಲಿ ಶಿವಾನಂದ ಕಟ್ಟಿ ನಿಲ್ಲಿಸಿದ್ದ ಯಂತ್ರ ಒಂದು ಕಪಾಟಿಗಿಂತ ದೊಡ್ಡದಿರಲಿಲ್ಲ. ದೊಡ್ಡ ಕಂಪನಿಗಳ ಬಾಟಲಿ ತೊಳೆಯುವ ಯಂತ್ರಕ್ಕೆ ಒಂದು ಮನೆಯಷ್ಟು ಜಾಗ ಬೇಕು. ಗಲ್ಲಿಯ ಸೋಡಾದವರಿಗೆ ಅಷ್ಟು ಜಾಗವೆಲ್ಲಿ? ಇದರಲ್ಲಿ ಬಾಟಲಿ ತಲೆಕೆಳಗಾಗಿ ಒಳಗೆ ಹೋಗುತ್ತದೆ. ಮೊದಲು ಬೆಚ್ಚನೆಯ ನೀರು, ಆಮೇಲೆ ಕಾಸ್ಟಿಕ್ ಸೋಡಾ, ಆಮೇಲೆ ಕುದಿನೀರು, ಕೊನೆಗೆ ಹಬೆ. ಬಿಸಿ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ಆತುರಪಟ್ಟರೆ ಗಾಜು ಸಿಡಿಯುತ್ತದೆ. ಇಡೀ ವರ್ಷ ಅವನು ಕಲಿತದ್ದು ಇಷ್ಟೇ.

ಪ್ರಯೋಗಶಾಲೆಯ ವರದಿ ಬೆಳಿಗ್ಗೆಯೇ ಬಂದಿತ್ತು. ಕಳಿಸಿದ ಯಾವ ಬಾಟಲಿಯಲ್ಲೂ ಏನೂ ಬೆಳೆದಿರಲಿಲ್ಲ. ಮೂರು ದಿನ ಬೆಚ್ಚಗಿಟ್ಟು ಕಾದರೂ ಒಂದು ಜೀವ ತಲೆಯೆತ್ತಿರಲಿಲ್ಲ. ಅವನು ಅದನ್ನು ಎರಡು ಸಲ ಓದಿ, ಮಡಿಸಿ, ಜೇಬಿಗಿಟ್ಟಿದ್ದ. ಸಂತೋಷ ಬರುತ್ತದೇನೋ ಎಂದು ಸ್ವಲ್ಪ ಹೊತ್ತು ಕಾದಿದ್ದ.

"ಇಷ್ಟು ಸ್ವಚ್ಛ ಮಾಡಿದ್ರ ಸೋಡಾದ ರುಚಿನೇ ಹೋಗ್ತದ ನೋಡ್ರಿ" ಎಂದು ಸಾಹೇಬರು ನಕ್ಕರು. "ಚಾ ತರಸ್ಲೇನು?"

"ಬ್ಯಾಡ್ರಿ. ಮನಿಗೆ ಹೋಗಬೇಕು. ಇವತ್ತ ಅವ್ವನ ವರ್ಷದ ಪೂಜಿ."

ಸಾಹೇಬರ ನಗು ನಿಂತಿತು. "ಅರೆ, ಹೇಳಬಾರದೇನ್ರಿ? ನಡೀರಿ, ನಡೀರಿ. ತಾಯಿ ಕೆಲಸ ಬಿಟ್ಟು ಬಾಟಲಿ ಹಿಡಕೊಂಡು ನಿಂತೀರಿ!"

ಸ್ಕೂಟರ್ ಕೂಕಟ್‌ಪಲ್ಲಿಯ ಕಡೆ ಹೊರಟಿತು. ಬಿಸಿಲು ಏರಿತ್ತು. ದಾರಿಯುದ್ದಕ್ಕೂ ಅವನು ಒಂದೇ ವಾಕ್ಯವನ್ನು ತಿದ್ದುತ್ತ ಹೋದ. ಅಪ್ಪಾರ, ನಮ್ಮ ಅವ್ವ ಪಾದೋದಕ ತಗೊಳ್ಳದೆ ಹೋದಳು. ಬೇಡ. ನಾನು ಕೊಡಲಿಲ್ಲ. ಇದು ಸರಿ. ಆದರೆ ಕೊಡಲಿಲ್ಲ ಅಂದರೆ ಮನಸ್ಸಿಲ್ಲದೆ ಕೊಡಲಿಲ್ಲ ಅಂದಹಾಗಾಗುತ್ತದೆ. ಕೊಡಲು ತಡವಾಯಿತು. ಇದು ಸುಳ್ಳು; ಬಸ್ಸು ತಡವಾಗುತ್ತದೆ, ಮಗ ತಡಮಾಡುತ್ತಾನೆ.

ಇವತ್ತು ಅಯ್ಯನವರಿಗೆ ಹೇಳಿಬಿಡಬೇಕು ಎಂದು ಅವನು ನಿಶ್ಚಯಿಸಿದ್ದ. ಅವರು ಮನೆತನದ ಜಂಗಮರು. ಆ ಜೀವಕ್ಕೆ ಮುಕ್ತಿಯುಂಟೋ ಇಲ್ಲವೋ ಅವರಾದರೂ ಹೇಳಲಿ.

ಹೋದ ವರ್ಷದ ಬೇಸಿಗೆಯಲ್ಲಿ ನಲ್ಲಿಯ ನೀರು ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಅವ್ವನಿಗೆ ವಾಂತಿಭೇದಿ ಹಿಡಿಯಿತು. ಕುದಿಸದ ನೀರು ಒಂದು ಹನಿಯೂ ಕೂಡದು ಎಂದಿದ್ದರು ಡಾಕ್ಟರು. ಮೂರನೆಯ ದಿನ ಅವಳೇ ಹೇಳಿಕಳಿಸಿ ಜಂಗಮರೊಬ್ಬರನ್ನು ಕರೆಸಿದಳು. ಅವರು ಆ ನಲ್ಲಿಯ ನೀರಿನಲ್ಲೇ ಪಾದ ತೊಳೆಸಿಕೊಂಡು ಪಾದೋದಕ ಕೊಟ್ಟು ಹೋದರು. ಅವ್ವ ಅವನತ್ತ ನೋಡಿ ಬಾಯಿ ತೆರೆದಳು. ಅವನು ಬಟ್ಟಲನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದ. ತಳದಲ್ಲಿ ಕೆಸರಿನ ಎಳೆಯೊಂದಿತ್ತು.

"ಕುದಿಸಿ ತಾ" ಎಂದು ಹೆಂಡತಿ ಪ್ರೇಮಾಳ ಕೈಗೆ ಕೊಟ್ಟ.

"ಪಾದೋದಕಾ ಕುದಸೂದೇನ್ರಿ?"

"ಐದ ನಿಮಿಷ. ಕುದಸು."

ಗಂಡನ ಮಾತು ಮೀರುವ ಹೆಣ್ಣಲ್ಲ ಅವಳು. ಸ್ಟೋವಿಗೆ ಗಾಳಿ ಹಾಕಿದಳು. ಆ ಭರ್ ಎಂಬ ಸದ್ದು ನಿಂತ ಮೇಲೆ, ತಟ್ಟೆಯಿಂದ ತಟ್ಟೆಗೆ ಸುರುವಿ ಆರಿಸುವ ಸದ್ದು ಅಡುಗೆಮನೆಯಿಂದ ಕೇಳಿಸುತ್ತಿತ್ತು. ಅವ್ವನ ಬಾಯಿ ಮಾತ್ರ ತೆರೆದೇ ಇತ್ತು. ಅದು ಕೇಳುವ ಬಾಯಿಯಲ್ಲ, ಮುಗಿದ ಬಾಯಿ ಎಂದು ಅವನಿಗೆ ತಿಳಿದದ್ದು ನೀರು ಬಂದ ಮೇಲೆ.

ಸಂಜೆ ಕಲಬುರ್ಗಿಯಿಂದ ಬಂದ ಅಕ್ಕ ಅಳುತ್ತ ಕೇಳಿದಳು: "ಪಾದೋದಕ ತಗೊಂಡಳೇನೋ?"

"ತಗೊಂಡಳು" ಎಂದಿದ್ದ.

ಪಕ್ಕದಲ್ಲಿ ಪ್ರೇಮಾ ಇದ್ದಳು. ಅವಳು ಅಂದೂ ಏನೂ ಅನ್ನಲಿಲ್ಲ, ವರ್ಷವಿಡೀ ಅನ್ನಲಿಲ್ಲ. ಜಗಳವಾಡಿದ್ದರೆ ಮನೆಯಲ್ಲಿ ಸದ್ದಾದರೂ ಇರುತ್ತಿತ್ತು. ಊಟಕ್ಕೆ ಬರ್ರಿ, ಹಾಲು ಬಂದಿಲ್ಲ, ಕರೆಂಟು ಹೋತು. ಮಾತು ಅಷ್ಟಕ್ಕೇ ಬಂದು ನಿಂತಿತ್ತು.

ಅವನು ಸ್ಕೂಟರ್ ನಿಲ್ಲಿಸಿದಾಗ ಹೌಸಿಂಗ್ ಬೋರ್ಡಿನ ಆ ಚಿಕ್ಕ ಮನೆಯ ಬಾಗಿಲ ತುಂಬ ಚಪ್ಪಲಿಗಳು. ಅಯ್ಯನವರು ಜಹೀರಾಬಾದಿನಿಂದ ಬೆಳಗಿನ ಬಸ್ಸಿಗೇ ಬಂದಿದ್ದರು. ಹಿತ್ತಲ ನಲ್ಲಿಯಲ್ಲಿ ಮುಖ ತೊಳೆಯುತ್ತಿದ್ದವರು ಅವನಿಗೆ ಒಬ್ಬರೇ ಸಿಕ್ಕರು.

"ಅಪ್ಪಾರ, ಒಂದ್ ಮಾತು ಹೇಳೂದಿತ್ತು."

"ಯಂತ್ರದ ಮಾತೇನು? ನಿಮ್ಮಕ್ಕ ಹೇಳಿದಳು. ನಮ್ಮ ಮಠಕ್ಕೂ ಒಂದು ಮಾಡಿಕೊಡಪ್ಪಾ. ದಾಸೋಹದ ತಾಟು ತೊಳೆದು ತೊಳೆದು ಮಂದಿ ಓಡಿಹೋಗಾಕತ್ತಾರ."

ಅವನು ನಕ್ಕ. ನಕ್ಕ ಮೇಲೆ ಆ ವಾಕ್ಯವನ್ನು ಎಲ್ಲಿಂದ ತೆಗೆಯಬೇಕೆಂಬುದು ತಿಳಿಯಲಿಲ್ಲ.

"ಮತ್ತೇನು?" ಎಂದರು ಅವರು, ಮುಖ ಒರೆಸಿಕೊಳ್ಳುತ್ತ.

"ಏನಿಲ್ರಿ. ಟಾವೆಲ್ ಬ್ಯಾರೆ ಕೊಡ್ಲೇನು?"

"ಇದ ಸಾಕು" ಎಂದರು.

ಪೂಜೆ ನಡೆಯಿತು. ಅವ್ವನ ಫೋಟೋಕ್ಕೆ ವಿಭೂತಿ ಹಚ್ಚಿ ಹೂವೇರಿಸಿದರು. ಶಿವಾನಂದ ಅಯ್ಯನವರ ಪಾದ ತೊಳೆದ. ಕೈ ತಾನೇ ತಾನಾಗಿ ಬೆರಳ ಸಂದಿಗಳನ್ನೂ ಬಿಡದೆ ತಿಕ್ಕಿತು. ಪಾದೋದಕ ಬಟ್ಟಲಿಗೆ ಬಂತು. ಎಲ್ಲರಿಗೂ ಅಂಗೈಗೆ ಹಾಕುವುದು, ಮನೆಯ ಹಿರಿಯ ಗಂಡಸು ಸ್ವೀಕರಿಸಿದ ಮೇಲೆಯೇ ಉಳಿದವರು ಸ್ವೀಕರಿಸುವುದು; ಆ ಮನೆಯಲ್ಲಿ ಅಜ್ಜನ ಕಾಲದಿಂದ ನಡೆದುಬಂದದ್ದು ಹೀಗೆ.

ಈಗ ಮನೆಯ ಹಿರಿಯ ಅವನೇ; ಅಯ್ಯನವರು ಮೊದಲು ಅವನ ಕಡೆ ತಿರುಗಿದರು.

"ಅವರದು ನಾ ತಗೊಂತೀನ್ರಿ" ಎಂದಳು ಪ್ರೇಮಾ. ಒಂದು ಲೋಟವನ್ನು ಚಾಚಿ ಅವನ ಪಾಲು ಹಾಕಿಸಿಕೊಂಡು ಒಳಗೆ ಹೋದಳು. ಅಯ್ಯನವರ ಮಂತ್ರ ನಿಲ್ಲಲಿಲ್ಲ. ಸಾಲಿನಲ್ಲಿ ಕೂತ ಹದಿನೈದಿಪ್ಪತ್ತು ಮಂದಿಯನ್ನು ಮುಗಿಸಿ ಬರುವುದಕ್ಕೆ ಹೊತ್ತು ಹಿಡಿಯಿತು. ಒಳಗೆ ಸ್ಟೋವಿನ ಭರಾಟೆ. ಪಾಯಸಕ್ಕಿರಬೇಕೆಂದು ಯಾರೂ ಗಮನಿಸಲಿಲ್ಲ. ಅವನೊಬ್ಬ ಗಮನಿಸಿದ.

"ಅವ್ವ ಪುಣ್ಯವಂತಿ ಅಪ್ಪಾರ" ಎನ್ನುತ್ತಿದ್ದಳು ಅಕ್ಕ ಶಿವದೇವಿ, ಅಂಗೈಯ ನೀರು ನೋಡುತ್ತ. "ಕಡೀಕ ಪಾದೋದಕ ತಗೊಂಡು ಹೋದಳು. ಎಷ್ಟು ಮಂದಿಗೆ ಸಿಗ್ತದ?"

ಪ್ರೇಮಾ ಬಂದಳು. ಸೆರಗಿನಲ್ಲಿ ಹಿಡಿದ ಸ್ಟೀಲಿನ ಲೋಟದಿಂದ ಹಬೆ ಏಳುತ್ತಿತ್ತು. ಅವನ ಮುಂದೆ ಇಟ್ಟಳು.

"ಏನವ್ವಾ ಅದು, ಚಾ ಏನು?" ಎಂದಳು ಶಿವದೇವಿ.

"ಪಾದೋದಕರಿ ಅಕ್ಕಾರ. ಕುದಿಸೀನಿ. ಇವರಿಗೆ ಹಂಗೇ ಬೇಕು."

ಯಾರೋ ಕಿಸಕ್ಕೆಂದರು. ಅಯ್ಯನವರ ತುಟಿಯಲ್ಲೂ ನಗು ಮೂಡಿತು. "ಇಂಜಿನಿಯರ್ ಅಲ್ಲೇನು. ಇರಲಿ ಬಿಡ್ರಿ. ಭಾವ ಒಂದಿದ್ರ ಆತು."

ಶಿವದೇವಿಗೆ ಚೇಷ್ಟೆಯ ಬುದ್ಧಿ. "ಥೂ, ಹುಚ್ಚ! ಅವ್ವಗೂ ಹಿಂಗ ಕುದಿಸೇ ಕೊಟ್ಟೀಯೇನು ಮತ್ತ?"

ಎಲ್ಲರೂ ನಕ್ಕರು. ನಗು ಮುಗಿದ ಮೇಲೂ ಅಕ್ಕ ಉತ್ತರಕ್ಕೆ ಕಾದಳು. ಅವಳ ಮುಖದಲ್ಲಿ ನಗುವಿನ ಉಳಿಕೆ ಇನ್ನೂ ಇತ್ತು. ಅದು ಯಾವ ಗಳಿಗೆಯಲ್ಲಾದರೂ ಬೇರೆಯದಾಗಬಹುದಿತ್ತು.

ಅವನು ಪ್ರೇಮಾಳನ್ನು ನೋಡಿದ. ಅವಳೂ ಅವನನ್ನೇ ನೋಡುತ್ತಿದ್ದಳು, ವರ್ಷದಲ್ಲಿ ಮೊದಲ ಸಲ. ಆ ಕಣ್ಣಲ್ಲಿ ಸಿಟ್ಟಿರಲಿಲ್ಲ. ಇದು ಶಿಕ್ಷೆಯೋ, ಗಂಡನ ಜೀವದ ಕಾಳಜಿಯೋ, ಹೇಳಿಬಿಡಿ ಎಂದು ತೆರೆದುಕೊಟ್ಟ ಬಾಗಿಲೋ ಅವನಿಗೆ ತಿಳಿಯಲಿಲ್ಲ. ದಾರಿಯಲ್ಲಿ ತಿದ್ದಿ ತೀಡಿದ ವಾಕ್ಯವನ್ನು ಹೇಳಲು ಬಾಯಿ ತೆರೆದ.

"ಭಾಳ ಬಿಸಿ ಐತಿ" ಎಂದ.

"ಆರಲಿ. ಏನ್ ಅವಸರ?" ಎಂದರು ಅಯ್ಯನವರು.

ಪ್ರೇಮಾ ಕಣ್ಣು ತಗ್ಗಿಸಿದಳು.

ಅವನು ಲೋಟವನ್ನು ಎತ್ತಿ ಊದತೊಡಗಿದ. ಅಕ್ಕ, ಭಾವ, ಬೀಗರು, ನೆರೆಮನೆಯ ಮುದುಕಿ ಗಂಗೂಬಾಯಿ, ಎಲ್ಲರೂ ಅಂಗೈ ಕುಳಿಮಾಡಿ ಅವನ ಬಾಯನ್ನೇ ನೋಡುತ್ತ ಕೂತಿದ್ದರು. ಅವನು ಊದಿದ, ತುಟಿಗೆ ತಾಗಿಸಿದ, ಹಿಂತೆಗೆದ, ಮತ್ತೆ ಊದಿದ. ಹಿಡಿದು ಹಿಡಿದು ಅವರ ಅಂಗೈಗಳು ಸಡಿಲವಾಗತೊಡಗಿದ್ದವು. ಮೊದಲು ಗಂಗೂಬಾಯಿಯ ಬೆರಳ ಸಂದಿಯಿಂದ ಒಂದು ಹನಿ ನೆಲಕ್ಕೆ ಬಿತ್ತು. ಆಮೇಲೆ ಆ ಸಾಲಿನ ಉದ್ದಕ್ಕೂ, ಒಬ್ಬೊಬ್ಬರ ಕೈಯಿಂದ, ಸದ್ದಿಲ್ಲದೆ ಸೋರತೊಡಗಿತು.